ಹಿಮದ ಮೇಲೆ ಹಿರಿಯರಿಗೆ ನಮಸ್ಕಾರ

ಮುಂದೆ ಬರೆಯಲಿರುವುದರಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ಲೋಪಗಳು ಇದ್ದೇ ಇರುತ್ತವೆ ಎಂಬುದು ನನಗೆ ಖಚಿತವಾಗಿ ಗೊತ್ತಿದೆ. ಎಲ್ಲಿವೆ ಎಂಬುದು ಮಾತ್ರ ಗೊತ್ತಿಲ್ಲ. ಗೊತ್ತಿದ್ದರೆ ತಿದ್ದಿಬಿಡುತ್ತಿದ್ದೆ. ಗದಗಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರ ಮಗ ನಾನು. ನಮ್ಮ ಮನೆತನದಲ್ಲಿ ಪದವಿ ಪಡೆದವರ ಪೈಕಿ ಮೊದಲಿಗ. ಇಂಥವರಿಗೆ ಜೀವಮಾನವಿಡೀ ಒಂದು ಶಂಕೆ ಕಾಡುತ್ತಿರುತ್ತದೆ. ಉಳಿದವರೆಲ್ಲ ಹುಟ್ಟುವಾಗಲೇ ಕಲಿತು ಬಂದ ಯಾವುದೋ ಒಂದು ರೀತಿನೀತಿ ನಮಗೆ ತಪ್ಪಿಹೋಗಿದೆ, ಅದು ಯಾವುದೆಂದು ಯಾರೂ ಹೇಳುತ್ತಿಲ್ಲ ಎಂಬ ಶಂಕೆ. ಆದ್ದರಿಂದ ನಾವು ಎಲ್ಲವನ್ನೂ ಸ್ವಲ್ಪ ಹೆಚ್ಚಾಗಿಯೇ ಸರಿಯಾಗಿ ಮಾಡುತ್ತೇವೆ. ಔಷಧದ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ಪೂರ್ತಿ ಓದುತ್ತೇವೆ. ವಿಮಾನದಲ್ಲಿ ಸೀಟ್ ಬೆಲ್ಟ್ ಹಾಕುವ ವಿಧಾನವನ್ನು ತೋರಿಸುವಾಗ ಕಣ್ಣಿಟ್ಟು ನೋಡುವ ಏಕೈಕ ಪ್ರಯಾಣಿಕರು ನಾವು. ತೋರಿಸುತ್ತಿರುವವರಿಗೆ ಬೇಸರವಾಗಬಾರದಲ್ಲ.

ನನ್ನ ಮದುವೆ ನಿಶ್ಚಯವಾದಾಗ ಅವ್ವ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. ಹೆಂಡತಿ ವಿದ್ಯಾಳದು ಮೈಸೂರು. ಅವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ವಕೀಲರು, ಪ್ರೊಫೆಸರುಗಳು, ವೈದ್ಯರು. ಅವ್ವ ನನ್ನನ್ನು ಗಿರಣಿಯ ಹಿಂದಕ್ಕೆ ಕರೆದೊಯ್ದು, "ಕಲಿತವರ ಮನಿ ಅಳಿಯ ಆಗಾಕತ್ತೀ. ಹಿರೇರು ಕಂಡಲ್ಲಿ ಮೊದ್ಲು ಬಗ್ಗು, ಆಮ್ಯಾಲೆ ಮಾತಾಡು. ಬಗ್ಗಿದವರನ್ನ ಯಾರೂ ಬೈಯಂಗಿಲ್ಲ" ಎಂದಿದ್ದಳು. ಆ ಮಾತನ್ನು ನಾನು ಅಕ್ಷರಶಃ ಪಾಲಿಸಿಕೊಂಡು ಬಂದೆ. ಮದುವೆಯ ಮಂಟಪದಲ್ಲಿ ವಿದ್ಯಾಳ ಕಡೆಯ ಹಿರಿಯರೆಂದು ಭಾವಿಸಿ ಛಾಯಾಚಿತ್ರಗಾರರಿಗೂ ನಮಸ್ಕಾರ ಮಾಡಿದ್ದೆ. ಅವರು ಆಶೀರ್ವದಿಸಿ, ಸ್ವಲ್ಪ ಬಲಕ್ಕೆ ತಿರುಗಿ ಇನ್ನೊಮ್ಮೆ ಮಾಡಿ ಎಂದಿದ್ದರು. ಅವ್ವನ ಉಪದೇಶದಲ್ಲಿ ಕೊರತೆ ಇದ್ದದ್ದು ಒಂದೇ: ಎಲ್ಲಿ ಬಗ್ಗಬಾರದು ಎಂಬುದನ್ನು ಆಕೆ ಹೇಳಿರಲಿಲ್ಲ. ಗದಗಿನಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಆಕೆಯನ್ನು ದೂರುವಂತೆಯೂ ಇಲ್ಲ.

ನಾವಿರುವುದು ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ. ನಾನು ಬೆಳಗಿನ ರೈಲು ಹಿಡಿದು ಮ್ಯಾನ್‌ಹಟನ್‌ನ ಕಚೇರಿಗೆ ಹೋಗುತ್ತೇನೆ. ಮಗಳು ನಿಧಿಗೆ ಹನ್ನೊಂದು ವರ್ಷ. ಹೋದ ಚಳಿಗಾಲದಲ್ಲಿ ಅವಳು ಶಾಲೆಯ ಸ್ಕೀ ಕ್ಲಬ್ಬಿಗೆ ಸೇರಿದಳು. ಶನಿವಾರಗಳಂದು ಮಕ್ಕಳನ್ನು ಬಸ್ಸಿನಲ್ಲಿ ಗುಡ್ಡಕ್ಕೆ ಕರೆದೊಯ್ಯುತ್ತಾರೆ. ಬೇಕಾದರೆ ತಂದೆತಾಯಿಯರೂ ಹೋಗಬಹುದು. "ಅಪ್ಪಾ, ಪ್ಲೀಸ್, ಒಂದೇ ಒಂದ್ ಸಲ ಬಾ" ಎಂದು ಅವಳು ಗೋಗರೆದಳು. ಮನೆಯಲ್ಲಿ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ಬೇಡಿಕೊಂಡರೆ ಅದಕ್ಕೊಂದು ತೂಕವಿರುತ್ತದೆ. ಒಪ್ಪಿದೆ. ಸ್ಕೀ ಎಂದರೇನೆಂದು ಅರಿಯದವರಿಗೆ ಸ್ಥೂಲವಾಗಿ ಹೇಳುವುದಾದರೆ, ಎರಡು ಉದ್ದನೆಯ ನುಣುಪಾದ ಪಟ್ಟಿಗಳನ್ನು ಕಾಲಿಗೆ ಬಿಗಿದುಕೊಂಡು, ಮನುಷ್ಯನು ಸಹಜವಾಗಿ ದೂರವಿರಬೇಕಾದ ಇಳಿಜಾರಿನಲ್ಲಿ ಹಣ ತೆತ್ತು ಜಾರುವುದು. ಬೂಟುಗಳು ಮೀನಖಂಡದವರೆಗೂ ಗಟ್ಟಿ, ಪಾದ ಮಡಚುವಂತಿಲ್ಲ.

ವಿದ್ಯಾಳ ಸೋದರಮಾವ, ನಿಧಿ ತಾತ ಎಂದು ಕರೆಯುವವರು, ಉತ್ತರ ಜೆರ್ಸಿಯಲ್ಲಿ, ಆ ಗುಡ್ಡಕ್ಕೆ ಹತ್ತಿರದಲ್ಲಿಯೇ ಇದ್ದಾರೆ. ಅರಿವಳಿಕೆ ತಜ್ಞರಾಗಿ ನಿವೃತ್ತರಾದವರು. ಎಪ್ಪತ್ತು ದಾಟಿದ ಮೇಲೂ ಸ್ಕೀ ಮಾಡುತ್ತಾರೆ, ಮಾಡುತ್ತೇನೆಂದು ಹೇಳುವುದನ್ನು ಅದಕ್ಕಿಂತ ಹೆಚ್ಚಾಗಿ ಮಾಡುತ್ತಾರೆ. ನನ್ನನ್ನು ಕರೆಯುವುದು 'ಅಳಿಯಂದ್ರೆ' ಎಂದು, ಯಾವಾಗಲೂ ಬಹುವಚನದಲ್ಲಿ. ಆ ಬಹುವಚನದ ಮುಂದೆ ನಾನು ಸದಾ ಮೌಖಿಕ ಪರೀಕ್ಷೆಗೆ ನಿಂತವನಂತೆ ಇರುತ್ತೇನೆ.

ಆ ಶನಿವಾರ ನಾನು ಮಕ್ಕಳು ಕಲಿಯುವ ಕಿರು ಇಳಿಜಾರಿನ ಬುಡದಲ್ಲಿ, ಸ್ಕೀ ತೊಟ್ಟು, ಯಾರಿಗೂ ತೊಂದರೆಯಾಗದಂತೆ ಒಂದು ಬದಿಗೆ ನಿಂತಿದ್ದೆ. ಜಾರುತ್ತಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅಷ್ಟರಲ್ಲಿ ಮಾವ ಮೇಲಿನಿಂದ ಬಳುಕುತ್ತಾ ಬಂದು ನನ್ನೆದುರಿಗೆ ಹಿಮ ಚಿಮ್ಮಿಸಿ ನಿಂತರು. ದೀಪಾವಳಿಯ ನಂತರ ಅವರನ್ನು ಕಂಡದ್ದು ಅದೇ ಮೊದಲು. ಸಂಕ್ರಾಂತಿಯೂ ಕಳೆದುಹೋಗಿತ್ತು. ನನ್ನ ಬುದ್ಧಿ ಏನಾದರೂ ಹೇಳುವ ಮೊದಲೇ ಸೊಂಟ ಬಗ್ಗಿತು. ಬಲಗೈ ಅವರ ಬೂಟಿನತ್ತ ಚಾಚಿತು. ಸ್ಕೀಗಳಿಗೆ ನಮ್ಮ ಸಂಪ್ರದಾಯದ ಪರಿಚಯವಿಲ್ಲ. ಒಂದು ಎಡಕ್ಕೆ ಹೊರಟಿತು, ಇನ್ನೊಂದು ಬಲಕ್ಕೆ ಹೊರಟಿತು. ಬಲಮಂಡಿ ಮಾತ್ರ ಯಾರ ಜೊತೆ ಹೋಗಬೇಕೆಂದು ತಿಳಿಯದೆ ನಡುವೆ ತಿರುಚಿಕೊಂಡು 'ಟಪ್' ಎಂದಿತು. ಕೈಯಲ್ಲಿದ್ದ ಸ್ಕೀ ಕೋಲಿನ ಪಟ್ಟಿಗೆ ಸಿಕ್ಕಿ ಎಡಗೈ ಹೆಬ್ಬೆರಳಿನ ಕೀಲೂ ಹೊರಳಿತು. ಸರಿಯಾಗಿ ಅದೇ ಕ್ಷಣದಲ್ಲಿ ಮೇಲಿನಿಂದ ನಿಧಿ, "ಅಪ್ಪಾ, ವಾಚ್ ಮೀ!" ಎಂದು ಕೂಗಿದ್ದಳು. ಈ ಕೊನೆಯ ಸಂಗತಿಗೆ ನಾನು ಆಗ ಮಹತ್ವ ಕೊಡಲಿಲ್ಲ.

ಮಂಡಿಯೊಳಗೆ ಎಲುಬುಗಳನ್ನು ಬಿಗಿದಿಡುವ ಅಸ್ಥಿರಜ್ಜು ಹರಿದಿತ್ತು. ಊತ ಇಳಿದ ಮೇಲೆ, ವಸಂತದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತೊಡೆಯ ಹಿಂಬದಿಯಿಂದ ಒಂದಿಷ್ಟು ಎಳೆ ತೆಗೆದು ಮಂಡಿಗೆ ಹೊಸ ರಜ್ಜು ಕಟ್ಟಿದರು. ನಮ್ಮ ಕಡೆ ಹರಿದ ಪ್ಯಾಂಟಿಗೆ ಅದರದೇ ಜೇಬಿನ ಬಟ್ಟೆಯಿಂದ ತೇಪೆ ಹಾಕುತ್ತಾರಲ್ಲ, ಅದೇ ತತ್ತ್ವ. ಹೆಬ್ಬೆರಳು ಒಂದು ಪಟ್ಟಿಯೊಳಗೆ ತಾನಾಗಿಯೇ ವಾಸಿಯಾಯಿತು. ಹೇಗಾಯಿತು ಎಂದು ವೈದ್ಯರು ಕೇಳಿದಾಗ, "ಸ್ಕೀ ಮಾಡುವಾಗ ಬಿದ್ದೆ" ಎಂದೆ. ಹಿರಿಯರ ಕಾಲು ಮುಟ್ಟಲು ಹೋಗಿ ಹೀಗಾಯಿತು ಎಂದರೆ ಅಪವಾದ ಹಿರಿಯರ ಮೇಲೆ ಬರುತ್ತದೆ. ನಮಸ್ಕಾರದ ಫಲ ಹೀಗಾಗಬಾರದು. ಹಾಗೊಮ್ಮೆ ಆದರೂ ಬಾಯಿ ಬಿಡಬಾರದು. ವಿದ್ಯಾಳಿಗೂ ಹೇಳಲಿಲ್ಲ.

ಇತ್ತ ಮಾವ ನನ್ನ ಪತನಕ್ಕೆ ತಮ್ಮದೇ ಆದ ವಿವರಣೆಯನ್ನು ರೂಪಿಸಿಕೊಂಡಿದ್ದರು. ನನ್ನನ್ನು ಮಾತನಾಡಿಸಲು ಬಂದವರಿಗೆಲ್ಲ ಅದನ್ನು ಅವರೇ ಹೇಳುತ್ತಿದ್ದರು. "ತೂಕ ಹಿಂದಕ್ಕೆ ಬಿಟ್ಬಿಟ್ರು. ಹೊಸಬರೆಲ್ಲ ಮಾಡೋ ತಪ್ಪೇ ಅದು. ಮುಂದಕ್ಕೆ ವಾಲ್ಬೇಕು ಅಳಿಯಂದ್ರೆ, ಮುಂದಕ್ಕೆ." ಅವರ ಪಾದದವರೆಗೂ ಮುಂದಕ್ಕೆ ವಾಲಿದ್ದವನು ನಾನು. "ಹೌದು ಮಾವ" ಎನ್ನುತ್ತಿದ್ದೆ. ಮಾತನಾಡಿಸಲು ಬರುವವರೂ ಕಡಿಮೆ ಇರಲಿಲ್ಲ. ಹತ್ತಿರದ ಎಡಿಸನ್ನಿನಿಂದ, ನ್ಯೂಯಾರ್ಕಿನ ಫ್ಲಶಿಂಗಿನಿಂದ, ಕಿತ್ತಳೆ ಹಣ್ಣಿನ ಚೀಲ ಹಿಡಿದು ಬರುತ್ತಿದ್ದರು. ಹೊರಡುವಾಗ ವಿದ್ಯಾ ಹೆಂಗಸರಿಗೆ ಕುಂಕುಮ ಕೊಡಲು ಒಳಗೆ ಕರೆದರೆ, ನಾನು ಗಂಡಸರನ್ನು ಬಾಗಿಲವರೆಗೆ, ಅಲ್ಲಿಂದ ಮೆಟ್ಟಿಲವರೆಗೆ, ಅಲ್ಲಿಂದ ಕಾರಿನವರೆಗೆ ಬೀಳ್ಕೊಡಬೇಕು. ನಮ್ಮಲ್ಲಿ ನಿಜವಾದ ಮಾತುಕತೆ ಆರಂಭವಾಗುವುದೇ "ಬರ್ತೀವಿ" ಎಂದ ಮೇಲೆ. ಮನೆಯ ಸಾಲ, ಮಕ್ಕಳ ಶಾಲೆ, ವೀಸಾ, ಎಲ್ಲವನ್ನೂ ಊರುಗೋಲಿನ ಮೇಲೆ ನಿಂತು ಕೇಳಿದೆ. ಮಂಡಿ ಊದಿಕೊಂಡಿತು. ಫಿಸಿಯೋಥೆರಪಿಯ ಹುಡುಗಿ ಕ್ರಿಸ್ಟೀನ್, "ಮನೆಯಲ್ಲಿ ಏನು ವ್ಯಾಯಾಮ ಮಾಡುತ್ತಿದ್ದೀರಿ?" ಎಂದು ಕೇಳಿದಾಗ, ಅತಿಥಿಗಳನ್ನು ಬೀಳ್ಕೊಡುತ್ತಿದ್ದೇನೆ ಎಂದೆ. ಅದು ಯಾವ ವ್ಯಾಯಾಮವೆಂದು ಆಕೆಗೆ ಅರ್ಥವಾಗಲಿಲ್ಲ; ಅದನ್ನು ಅರ್ಧಕ್ಕೆ ಇಳಿಸಿ ಎಂದಳು. ಅರ್ಧ ಬೀಳ್ಕೊಡುವುದು ಹೇಗೆಂದು ನನಗೂ ಅರ್ಥವಾಗಲಿಲ್ಲ.

ಬೇಸಿಗೆ ಕಳೆದು ಎಲೆ ಉದುರುವ ಹೊತ್ತಿಗೆ ನಡಿಗೆ ಸುಧಾರಿಸಿತು. ಕ್ರಿಸ್ಟೀನ್ ನೆಲದ ಮೇಲೆ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್ ಇಟ್ಟು, ಒಂಟಿಕಾಲಿನ ಮೇಲೆ ನಿಂತು ಮುಂದಕ್ಕೆ ಬಗ್ಗಿ ಅದನ್ನು ಮುಟ್ಟಿ ಮೇಲೇಳಬೇಕೆಂದು ಹೇಳಿಕೊಟ್ಟಳು. ಬಗ್ಗಿದೆ, ಮುಟ್ಟಿದೆ, ಎದ್ದೆ. ಏಳುವಾಗ ಕೈ ತನ್ನಷ್ಟಕ್ಕೆ ಕಣ್ಣಿಗೆ ಹೋಯಿತು. ಹಲವು ದಿನ ನನಗೇ ಅದು ತಿಳಿದಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡಿದ್ದ ಒಬ್ಬ ಬಿಳಿಯ ಮುದುಕರು ನನ್ನನ್ನೇ ನೋಡಿ, ತಮ್ಮ ಕೋನನ್ನು ಮುಟ್ಟಿ, ಭಕ್ತಿಯಿಂದ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದುದನ್ನು ಕಂಡೆ. ಅದರಿಂದ ಸಮತೋಲ ಚೆನ್ನಾಗಿ ಬರುತ್ತದೆ ಎಂದು ಅವರು ಕ್ರಿಸ್ಟೀನ್‌ಗೆ ಹೇಳುತ್ತಿದ್ದರು. ತಿದ್ದಲು ನನಗೆ ಧೈರ್ಯ ಸಾಲಲಿಲ್ಲ.

ಮತ್ತೆ ಸ್ಕೀ ಕಾಲ ಹತ್ತಿರವಾಯಿತು. ಕ್ಲಬ್ಬಿಗೆ ಹೆಸರು ಕೊಡುವ ವಾರ ಬಂತು. ನಿಧಿ, "ನಾಟ್ ದಿಸ್ ಇಯರ್" ಎಂದಳು. ಯಾಕೆ ಎಂದರೆ, "ಇಟ್ಸ್ ಬೋರಿಂಗ್." ಹೋದ ವರ್ಷ ಶುಕ್ರವಾರ ಸ್ಕೀ ಸಾಕ್ಸ್ ಹಾಕಿಕೊಂಡೇ ಮಲಗುತ್ತಿದ್ದ ಹುಡುಗಿ. ಅವಳ ಗೆಳತಿಯರೆಲ್ಲ ಆ ಕ್ಲಬ್ಬಿನಲ್ಲೇ ಇದ್ದಾರೆ. ವಯಸ್ಸಿನ ಗುಣವಿರಬೇಕು ಎಂದುಕೊಂಡು ಸುಮ್ಮನಾದೆವು.

ಮರುದಿನ ವಿದ್ಯಾಳಿಗೆ ಕೆಲಸವಿದ್ದುದರಿಂದ ನಿಧಿಯನ್ನೂ ನನ್ನ ಜೊತೆ ಥೆರಪಿಗೆ ಕರೆದೊಯ್ದಿದ್ದೆ. ಕ್ರಿಸ್ಟೀನ್ ನನ್ನನ್ನು ಬೋರಲು ಮಲಗಿಸಿ ಕಾಲನ್ನು ಮಡಚುತ್ತಾ, ಮೂಲೆಯಲ್ಲಿ ಕುಳಿತಿದ್ದವಳನ್ನು ಲೋಕಾಭಿರಾಮವಾಗಿ ಮಾತಿಗೆಳೆದಳು. ನೀನೂ ಸ್ಕೀ ಮಾಡುತ್ತೀಯಾ ಎಂದು ಕೇಳಿದಳು. ಈಗ ಇಲ್ಲ ಎಂದಳು ನಿಧಿ. ಅಪ್ಪ ಬಿದ್ದಾಗ ನೀನು ಅಲ್ಲಿದ್ದೆಯಾ ಎಂದಳು ಕ್ರಿಸ್ಟೀನ್.

ನಿಧಿ ಬಹಳ ಸಣ್ಣ ದನಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿದಳು: "ನನ್ನಿಂದಲೇ ಬಿದ್ದದ್ದು. ನನ್ನನ್ನು ನೋಡು ಅಂತ ಕೂಗಿದೆ. ಅಪ್ಪ ನೋಡಲಿಕ್ಕೆ ತಿರುಗಿದರು, ಬಿದ್ದರು. ಬರಲ್ಲ ಅಂದವರನ್ನು ಕರೆದುಕೊಂಡು ಹೋದದ್ದೂ ನಾನೇ."

ಬೋರಲು ಮಲಗಿ, ಒಂದು ಕಾಲು ಇನ್ನೊಬ್ಬರ ಕೈಯಲ್ಲಿರುವಾಗ ಮನುಷ್ಯ ಮಗಳ ಮುಖ ನೋಡಲಾರ. ಮೇಜಿನ ರೆಕ್ಸಿನ್ನಿಗೆ ಮುಖ ಒತ್ತಿಕೊಂಡು, "ಅಲ್ಲ ಮಗಾ" ಎಂದೆ. ನೋವಿನಿಂದ ನರಳಿದೆನೆಂದು ಭಾವಿಸಿ ಕ್ರಿಸ್ಟೀನ್ ಕಾಲನ್ನು ಕೆಳಗಿಳಿಸಿದಳು.

ಕಾರಿನಲ್ಲಿ ಬರುವಾಗ ನಿಜ ಸಂಗತಿಯನ್ನು ಹೇಳಿದೆ. ತಾತನ ಕಾಲು ಮುಟ್ಟಲು ಬಗ್ಗಿದೆ, ಅದಕ್ಕೇ ಬಿದ್ದೆ ಎಂದೆ. ನಿಧಿ ಕಿಟಕಿಯ ಹೊರಗೆ ನೋಡುತ್ತಾ, "ಅಪ್ಪಾ, ಯು ಡೋಂಟ್ ಹ್ಯಾವ್ ಟು ಮೇಕ್ ಸ್ಟಫ್ ಅಪ್" ಎಂದಳು. ಇಷ್ಟು ತಿಂಗಳು ಬಿಟ್ಟು ಈಗ ಹೇಳಿದರೆ ಯಾರು ನಂಬುತ್ತಾರೆ? ಸ್ಕೀ ಹಾಕಿಕೊಂಡು ಯಾರೂ ಹಾಗೆ ಮಾಡುವುದಿಲ್ಲ ಎಂದು ಅವಳು ಸಮಾಧಾನದ ದನಿಯಲ್ಲಿ ವಿವರಿಸಿದಳು. ತರ್ಕ ಸರಿಯಾಗಿಯೇ ಇತ್ತು.

ಮನೆಗೆ ಬಂದು ವಿದ್ಯಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಒಲೆಯ ಮುಂದೆ ಬಗ್ಗಿ ಬಗ್ಗಿ ನಕ್ಕಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ರೀ, ಇದನ್ನ ಮಾವನ ಬಾಯಿಂದಾನೇ ಹೇಳಿಸ್ಬೇಕು. ನೋಡಿದವರು ಅವರೊಬ್ರೇ ತಾನೆ?" ಎಂದಳು.

"ಅವರಿಗೆ ಬ್ಯಾಸರಾಗತೈತಿ. ಹಿರಿಯರು."

"ನಿಮ್ಮ ಮಗಳು ಹತ್ತು ತಿಂಗಳಿಂದ ಒಬ್ಬಳೇ ಬೇಜಾರು ಮಾಡ್ಕೊಂಡಿದಾಳೆ. ಅವಳು ಚಿಕ್ಕವಳು ಅಂತ ಲೆಕ್ಕಕ್ಕಿಲ್ವಾ?"

ಹೆಸರು ಕೊಡಲು ಸೋಮವಾರ ಕಡೆಯ ದಿನ. ಮಾವನ ಹೆಂಡತಿ ಮೈಸೂರಿಗೆ ಹೋಗಿದ್ದುದರಿಂದ ಮಾವನೊಬ್ಬರನ್ನೇ ಭಾನುವಾರದ ಊಟಕ್ಕೆ ಕರೆದೆವು. ಶನಿವಾರವಿಡೀ ನಾನು ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡೆ. "ಮಾವ, ತಮ್ಮ ಮನಸ್ಸಿಗೆ ಅನ್ಯಥಾ ಭಾವನೆ ಬರುವುದಿಲ್ಲವೆಂದಾದರೆ, ಕಳೆದ ಚಳಿಗಾಲದ ಘಟನೆಯ ಕುರಿತು ಒಂದು ಸಣ್ಣ ಸ್ಪಷ್ಟೀಕರಣ..." ವ್ಯಾಕರಣದಲ್ಲಿ ದೋಷವಿರಲಿಲ್ಲ. ಹೇಳುವ ಅವಕಾಶ ಮಾತ್ರ ಒದಗಲಿಲ್ಲ.

ಏಕೆಂದರೆ ಬಿಸಿಬೇಳೆಬಾತಿನ ಮೊದಲ ತುತ್ತಿಗೇ ಮಾವ, "ಏನ್ ಪುಟ್ಟಿ, ಈ ವರ್ಷ ಸ್ಕೀ ಇಲ್ವಂತೆ? ನಿಮ್ಮಪ್ಪನ ಥರ ಬೀಳ್ತೀನಿ ಅಂತ ಭಯಾನಾ?" ಎಂದರು. ನಿಧಿ ತಟ್ಟೆ ನೋಡಿದಳು. ಮಾವ ಉತ್ತರಕ್ಕೆ ಕಾಯುವವರಲ್ಲ. "ನಿಮ್ಮಪ್ಪ ತೂಕ ಹಿಂದಕ್ಕೆ ಬಿಟ್ರು, ಅಷ್ಟೆ. ತೋರಿಸ್ತೀನಿ ಬಾ. ಅಳಿಯಂದ್ರೆ, ಏಳಿ. ಅವತ್ತು ಹೇಗೆ ನಿಂತಿದ್ರಿ, ಹಾಗೇ ನಿಂತ್ಕೊಳ್ಳಿ" ಎಂದು ಎದ್ದೇಬಿಟ್ಟರು. ಎಂಜಲುಗೈಯಲ್ಲೇ ನಾನೂ ಎದ್ದೆ. ಹಿರಿಯರು ಏಳಿ ಎಂದರೆ ಏಳುವುದು ನನ್ನ ಜಾಯಮಾನ. ನಡುಮನೆಯ ಕಾರ್ಪೆಟ್ಟಿನ ಮೇಲೆ ಇಬ್ಬರೂ ಎದುರುಬದುರಾಗಿ, ಕಾಲ್ಚೀಲದಲ್ಲಿ ನಿಂತೆವು.

"ನಾನು ಇಲ್ಲಿ ಬಂದು ನಿಂತೆ. ಸರೀನಾ? ನೀವು ಅಲ್ಲಿ. ಈಗ ಬೀಳೋಕ್ ಮುಂಚೆ ಏನ್ ಮಾಡಿದ್ರಿ, ನಿಧಾನವಾಗಿ ಮಾಡಿ."

ನಿಧಾನವಾಗಿ ಬಗ್ಗಿದೆ.

"ಅಲ್ಲ ಅಲ್ಲ, ಹಿಂದಕ್ಕೆ. ಹಿಂದಕ್ಕೆ ತಾನೆ ಬಿದ್ದಿದ್ದು?"

"ಮುಂದಕ್ಕೆ, ಮಾವ."

"ಕೈ ಯಾಕೆ ಕೆಳಗೆ ಚಾಚಿದೀರ?"

"ಮಾವ, ಅಲ್ಲಿ ನಿಮ್ಮ ಕಾಲಿತ್ತು."

ಅಡುಗೆಮನೆಯಲ್ಲಿ ವಿದ್ಯಾ ಸೌಟು ಇಟ್ಟ ಸದ್ದು ಕೇಳಿತು. ಮಾವ ತಮ್ಮ ಕಾಲನ್ನು ನೋಡಿಕೊಂಡರು, ನನ್ನ ಕೈಯನ್ನು ನೋಡಿದರು, ಮತ್ತೆ ಹೋಗಿ ಕುರ್ಚಿಯಲ್ಲಿ ಕುಳಿತು ನೀರು ಕುಡಿದರು. ಅವರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅದೇ ನನಗೆ ಆಶ್ಚರ್ಯ ತಂದಿತು.

"ಗೊತ್ತು" ಎಂದರು. "ನನಗೂ ಗೊತ್ತು. ನೀವು ಬಗ್ಗಿದಾಗ ನಾನು ಕೈ ಎತ್ತಿ ದೀರ್ಘಾಯುಷ್ಮಾನ್ ಭವ ಅಂದೂಬಿಟ್ಟಿದ್ದೆ. ಪೂರ್ತಿ ಉದ್ದಕ್ಕೆ ಬಿದ್ರಲ್ಲ, ಗದಗಿನ ಕಡೆ ಸಾಷ್ಟಾಂಗಾನೇ ಪದ್ಧತಿ ಇರ್ಬೇಕು ಅಂದ್ಕೊಂಡೆ. ಏಳದೇ ಇದ್ದಾಗ್ಲೇ ಗೊತ್ತಾಗಿದ್ದು."

"ಮತ್ತೆ ತೂಕ ಹಿಂದಕ್ಕೆ ಅಂತ ಎಲ್ಲರಿಗೂ..."

"ಇನ್ನೇನ್ ಹೇಳ್ಲಿ ಮಾರಾಯ್ರೆ? ನನಗೆ ನಮಸ್ಕಾರ ಮಾಡಕ್ ಹೋಗಿ ಕಾಲ್ ಮುರ್ಕೊಂಡ್ರು ಅಂತ ಊರಿಗೆಲ್ಲ ಡಂಗುರ ಸಾರ್ಲಾ? ಸ್ಕೀ ಮಾಡ್ತಾ ಬಿದ್ರು ಅಂದ್ರೆ ನಿಮಗೂ ಒಂದು ಮರ್ಯಾದೆ. ನೀವು ಬಾಯಿ ಬಿಡ್ಲಿಲ್ಲ, ಅದೇ ನಿಮಗೆ ಬೇಕು ಅಂದ್ಕೊಂಡೆ."

ಹೀಗೆ ಅವರು ನನ್ನ ಮರ್ಯಾದೆಯನ್ನೂ ನಾನು ಅವರ ಮರ್ಯಾದೆಯನ್ನೂ ಇಷ್ಟು ತಿಂಗಳು ಜೋಪಾನವಾಗಿ ಕಾಯ್ದುಕೊಂಡು ಬಂದಿದ್ದೆವು. ಇಬ್ಬರ ನಡುವೆ, ಊಟದ ಮೇಜಿನ ಮುಂದೆ, ತಪ್ಪೆಲ್ಲ ತನ್ನದೆಂದು ನಂಬಿಕೊಂಡು ಒಬ್ಬ ಹುಡುಗಿ ಕುಳಿತಿದ್ದಳು.

"ಸೋ ಇಟ್ ವಾಸ್‌ನ್ಟ್ ಮೀ?" ಎಂದಳು ನಿಧಿ. ಕೇಳಿದ್ದು ತಾತನನ್ನು.

"ನೀನ್ಯಾಕ್ ಪುಟ್ಟಿ? ನೀನು ಎಲ್ಲೋ ಮೇಲೆ ಇದ್ದೆ."

"ನಾನು ಕೂಗಿದೆ. ಅಪ್ಪ ನನ್ನ ನೋಡಕ್ಕೆ ತಿರುಗಿದ್ರು."

"ಇಲ್ಲ ಮಗಾ" ಎಂದೆ ನಾನು, ಇದೊಂದು ಅಂಶದಲ್ಲಾದರೂ ಪೂರ್ಣ ಸತ್ಯ ಹೇಳುವ ಉತ್ಸಾಹದಲ್ಲಿ. "ನಾನು ನಿನ್ನ ಕಡೆ ನೋಡಲೇ ಇಲ್ಲ."

ನಿಧಿಯ ಮುಖ ಒಮ್ಮೆ ಬೆಳಗಿತು. ಅವಳ ಹೆಗಲು ಕೆಳಗಿಳಿದದ್ದು ಕಣ್ಣಿಗೆ ಕಾಣುವಂತಿತ್ತು. ಬಳಿಕ ಹುಬ್ಬು ಗಂಟಿಕ್ಕಿತು. "ವೇಟ್. ನೋಡಲೇ ಇಲ್ವಾ? ಅಪ್ಪಾ, ದಟ್ ವಾಸ್ ಮೈ ಫಸ್ಟ್ ಟೈಮ್! ಮೇಲಿಂದ ಕೆಳಗಿನವರೆಗೂ ಬೀಳದೆ ಬಂದಿದ್ದು! ಯು ಮಿಸ್ಡ್ ಇಟ್?"

ಬಿದ್ದದ್ದರಿಂದ ನೋಡಲಾಗಲಿಲ್ಲ ಎಂದೆ. ಬೀಳುವ ಮೊದಲೂ ನೋಡಿರಲಿಲ್ಲವಲ್ಲ ಎಂದಳು. ಅದು ನಿಜ. "ಮೂರೂ ಜನ ಊಟ ಮಾಡಿ, ಆರಿಹೋಗ್ತಿದೆ" ಎಂದು ವಿದ್ಯಾ ಕೂಗಿದಳು. ನಗು ತಡೆದುಕೊಳ್ಳುತ್ತಲೇ ಎಲ್ಲರಿಗೂ ತುಪ್ಪ ಬಡಿಸಿದಳು. ನಿಧಿ ಎರಡನೆಯ ಸಲ ಬಡಿಸಿಕೊಂಡಳು. ಕೈ ತೊಳೆದು ಬಂದು ತನ್ನ ನಿರ್ಧಾರ ತಿಳಿಸಿದಳು. ಸೋಮವಾರ ಹೆಸರು ಕೊಡುತ್ತಾಳೆ. ಆದರೆ ನಾನು ಬರಬೇಕು, ಸ್ಕೀ ಹಾಕಬಾರದು, ಕೆಳಗೆ ನಿಂತು ಅವಳನ್ನು ಮಾತ್ರ ನೋಡಬೇಕು, ಯಾರು ಎದುರಿಗೆ ಬಂದರೂ ಬಗ್ಗಬಾರದು.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಕೂಡ ಈ ವರ್ಷ ಇಳಿಜಾರು ಬೇಡ, ಮುಂದಿನ ವರ್ಷ ನೋಡೋಣ ಎಂದರು. ಇಬ್ಬರೂ ಒಂದೇ ಸಲಹೆ ಕೊಟ್ಟದ್ದರಿಂದ ಪಾಲಿಸುವುದು ಸುಲಭವಾಯಿತು.

ಹಿಮ ಬಿದ್ದ ಮೇಲಿನ ಮೊದಲ ಶನಿವಾರ, ಒರಟು ತಳದ ಬೂಟು ಹಾಕಿಕೊಂಡು ಇಳಿಜಾರಿನ ಬುಡದಲ್ಲಿ ನಿಂತೆ. ಮಾವ ಮೇಲಿನಿಂದ ಬಂದರು. ನಾನು ನೆಟ್ಟಗೆ ನಿಂತು ಕೈ ಮಾತ್ರ ಮುಗಿದೆ. ಆಶೀರ್ವಾದ ಮಾಡಲು ಅವರು ಬಲಗೈಯನ್ನು ಕೋಲಿನ ಸಮೇತ ಎತ್ತಿದರು. ಅಷ್ಟಕ್ಕೇ ಸಮತೋಲ ತಪ್ಪಿ ನನ್ನನ್ನು ದಾಟಿ ಹೋಗಿ, ಬೇಲಿಯ ಹತ್ತಿರದ ಮೆತ್ತನೆಯ ಹಿಮದಲ್ಲಿ ಮೃದುವಾಗಿ ಕುಳಿತರಂತೆ. ಏನೂ ಆಗಲಿಲ್ಲ, ತಾವಾಗಿಯೇ ಎದ್ದರು. 'ಕುಳಿತರಂತೆ' ಎನ್ನುತ್ತಿರುವುದು ಏಕೆಂದರೆ ನಾನದನ್ನು ನೋಡಲಿಲ್ಲ. ಸರಿಯಾಗಿ ಆಗಲೇ ಮೇಲಿನಿಂದ "ಅಪ್ಪಾ" ಎಂಬ ಕೂಗು ಬಂದಿತ್ತು. ತೂಕ ಹಿಂದಕ್ಕೆ ಬಿಟ್ಟಿದ್ದರೋ ಮುಂದಕ್ಕೋ ಎಂದು ಅವರು ಆಮೇಲೆ ಕೇಳಿದಾಗ ಪ್ರಾಮಾಣಿಕವಾಗಿ ಗೊತ್ತಿಲ್ಲ ಎಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು.

ಇದಾದ ಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ನಿಧಿ ಶನಿವಾರಗಳಂದು ಸ್ಕೀ ಮಾಡುತ್ತಾಳೆ, ನಾನು ನೋಡುತ್ತೇನೆ. ಮಾವ ನನ್ನ ಪತನದ ವಿಷಯ ಎತ್ತುವುದನ್ನು ಬಿಟ್ಟಿದ್ದಾರೆ. ಹಿರಿಯರಿಗೆ ನಮಸ್ಕಾರವನ್ನು ಮನೆಯೊಳಗೆ, ಅವರು ಕುರ್ಚಿಯಲ್ಲಿ ಕುಳಿತ ಮೇಲೆ, ಬರಿಗಾಲಿನಲ್ಲಿ ಮಾತ್ರ ಮಾಡಬೇಕೆಂದು ವಿದ್ಯಾ ವಿಧಿಸಿದ್ದಾಳೆ. ಬಂದವರನ್ನು ಬಾಗಿಲಲ್ಲೇ ಬೀಳ್ಕೊಡುತ್ತೇವೆ. ಥೆರಪಿ ಮೊನ್ನೆ ಮುಗಿಯಿತು. ಕಡೆಯ ದಿನ ಬೀಳ್ಕೊಳ್ಳುವಾಗ ನೋಡಿದೆ: ಹೊಸದಾಗಿ ಬಂದಿದ್ದ ಒಬ್ಬ ತರುಣನಿಗೆ ಕ್ರಿಸ್ಟೀನ್ ಕೋನ್ ಮುಟ್ಟುವುದನ್ನು ಹೇಳಿಕೊಡುತ್ತಿದ್ದಳು. ಮುಟ್ಟಿ, ಎದ್ದು, ಕಣ್ಣಿಗೆ ಒತ್ತಿಕೊಳ್ಳಬೇಕು ಎನ್ನುತ್ತಿದ್ದಳು. ಅವನು ಒಂದೇ ಕಣ್ಣಿಗೆ ಒತ್ತಿಕೊಂಡ. ಎರಡಕ್ಕೂ ಒತ್ತಿಕೊಳ್ಳಬೇಕೆಂದು ತಿದ್ದಿ ಬಂದೆ.